ಗುಳಿಗೆ ಯಾರ ಸಲುವಾಗಿ?

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಿದ್ದೆವು. ಧರ್ಮಕೇಂದ್ರದ ಹಿರಿಯರೊಬ್ಬರು ನಮ್ಮಿಬ್ಬರನ್ನೂ ಬದಿಗೆ ಕರೆದರು. "ತಂಗೀ, ಹುಡುಗಗ ಆಟಕ್ಕ ಕಳಸೂ ಮುಂದ ಗುಳಿಗಿ ಕೊಡ್ತೀರಂತಲ್ಲ, ಖರೇ ಏನು?" ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯೇ ಇತ್ತು. "ದೇವ್ರ ಮ್ಯಾಲ ಭಾರ ಹಾಕ್ರಿ, ಅಂಜಿಕಿ ತಾನ ಹೋಗತೈತಿ. ಆಟಕ್ಕೂ ಗುಳಿಗಿ ಅಂದ್ರ ಹೆಂಗ?" ನಾವು ಅವತ್ತು ಏನೋ ತೊದಲಿ ಮನೆಗೆ ಬಂದೆವು. ಆ ಪ್ರಶ್ನೆ ಮಾತ್ರ ನಮ್ಮ ಜೊತೆಗೇ ಬಂತು. ಯಾಕೆಂದರೆ ಅದು ಅವರೊಬ್ಬರ ಪ್ರಶ್ನೆಯಲ್ಲ, ರಾತ್ರಿ ನಾವು ಗಂಡಹೆಂಡತಿ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಯೂ ಹೌದು.

ನಮ್ಮ ಮಗನಿಗೆ 12 ವರ್ಷ. ಅವನಿಗೆ ಆಟಿಸಂ ಇದೆ. ಆಟಿಸಂ ಇರುವ ಮಕ್ಕಳೆಲ್ಲ ಒಂದೇ ತರಹ ಇರುವುದಿಲ್ಲ, ಇಲ್ಲಿ ಹೇಳುವುದು ನಮ್ಮವನ ವಿಷಯ ಮಾತ್ರ. ಇಚಲಕರಂಜಿಯಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಮಗ್ಗಗಳ ಶೆಡ್ಡು. ಹಗಲೂ ರಾತ್ರಿ ಖಟಖಟ. ಬಂದ ನೆಂಟರಿಗೆ ನಿದ್ದೆ ಬರುವುದಿಲ್ಲ, ಇವನು ಮಾತ್ರ ಆ ಸದ್ದಿನಲ್ಲೇ ಹಾಯಾಗಿ ಮಲಗುತ್ತಾನೆ. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಕೂರುತ್ತಾನೆ. ಮುಂದೆ ಏನು ಬರುತ್ತದೆಂದು ಗೊತ್ತಿರುವ ಸದ್ದು ಅವನಿಗೆ ಸಂಗಾತಿ. ಗೊತ್ತಿಲ್ಲದ ಸದ್ದು, ರೆಫ್ರಿಯ ಒಂದೇ ಒಂದು ಸೀಟಿಯಾದರೂ ಸರಿ, ಅವನಿಗೆ ಸಿಡಿಲು.

ಹೀಗಿದ್ದೂ ಅವನು ಪ್ರೀತಿಸಿದ್ದು ಫುಟ್‌ಬಾಲನ್ನು. ಕೊಲ್ಹಾಪುರದ ಗಾಳಿಯೇ ಅಂಥದ್ದು. ಶಾಹೂ ಸ್ಟೇಡಿಯಮ್ಮಿನಲ್ಲಿ ಪಾಟಾಕಡೀಲ ತಾಲೀಮಿಗೂ ಖಂಡೋಬಾ ತಾಲೀಮಿಗೂ ಪಂದ್ಯವೆಂದರೆ ಪೇಠೆಗೆ ಪೇಠೆಯೇ ಅಲ್ಲಿರುತ್ತದೆ. ನಮ್ಮ ಮಗ ಯಾವ ಆಟಗಾರನದು ಯಾವ ನಂಬರು ಎಂದು ತಡವರಿಸದೆ ಹೇಳುತ್ತಾನೆ. ಸಂಜೆ ಓಣಿಯ ಹುಡುಗರೊಡನೆ ಚೆನ್ನಾಗಿಯೇ ಆಡುತ್ತಾನೆ. ಪಂದ್ಯದ ದಿನ ಬಂತೆಂದರೆ ಹಿಂದಿನ ರಾತ್ರಿಯಿಂದ ಊಟ ಇಲ್ಲ, ಬೆಳಿಗ್ಗೆ ವಾಂತಿ, ಕೈ ನಡುಕ. ಒಮ್ಮೆ ಮೈದಾನ ಬಿಟ್ಟು ರಸ್ತೆಗೇ ಓಡಿಬಿಟ್ಟ. ಒಂದು ಟೆಂಪೊ ಹೇಗೋ ಬ್ರೇಕು ಹಾಕಿತು. ಅವತ್ತು ರಾತ್ರಿ ಗೋಡೆಗೆ ಮುಖಮಾಡಿ ಮಲಗಿ, "ನಾ ಯಾಕ ಆಡ್ಲಿಲ್ಲ?" ಎಂದು ಅತ್ತ. ಆಟ ಬಿಡಿಸಿಬಿಡಿ ಎನ್ನುವವರಿಗೆ ನಾವು ಹೇಳುವುದು ಈ ಅಳುವಿನ ಮಾತನ್ನೇ.

ಅಂಜಿಕೆಗೆ ಅವನದೇ ಒಂದು ಮಾತಿದೆ: "ಹೊಟ್ಯಾಗ ಮಗ್ಗ ಶುರುವಾತು." ಕೊಲ್ಹಾಪುರದ ವೈದ್ಯರು ಮರಾಠಿಯಲ್ಲಿ ಕೇಳಿದಾಗ ಅವನು ಸುಮ್ಮನೆ ಕೂತಿದ್ದ, ಈ ಮಾತನ್ನು ನಾವೇ ದಾಟಿಸಿದೆವು. (ಇಂಥ ಮಗುವಿಗೆ ಒಂದೇ ಭಾಷೆ ಸಾಕು, ಮನೆಯಲ್ಲಿ ಕನ್ನಡ ಬಿಡಿ ಎಂದು ಹಿಂದೆ ಕೆಲವರು ಬುದ್ಧಿ ಹೇಳಿದ್ದರು. ಬಿಟ್ಟಿದ್ದರೆ ಈ ಮಾತು ಅವನಿಗೆ ಎಲ್ಲಿಂದ ಬರುತ್ತಿತ್ತು?)

ವೈದ್ಯರು ಮೊದಲು ಗುಳಿಗೆ ಬರೆಯಲಿಲ್ಲ. ಆಟಿಸಂ ಅನ್ನೇ ವಾಸಿಮಾಡುವ ಔಷಧ ಯಾವುದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅದರ ಜೊತೆ ಬರುವ ಗಾಬರಿ, ನಿದ್ದೆಗೇಡು, ಸಿಡುಕು ಇವಕ್ಕೆ ಔಷಧಗಳಿವೆ, ಅವೂ ಎಲ್ಲ ಮಕ್ಕಳಿಗೆ ಹಿಡಿಸುವುದಿಲ್ಲ. ಅಮೆರಿಕದಲ್ಲಿ 149 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ನಡವಳಿಕೆಗೆ ಸಿಟಾಲೊಪ್ರಾಂ ಎಂಬ ಔಷಧ ಕೊಟ್ಟು ನೋಡಿದರೆ, ಔಷಧವಿಲ್ಲದ ಬರಿಯ ಗುಳಿಗೆ ನುಂಗಿದ ಮಕ್ಕಳಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚು ಕಂಡವು. ಆದ್ದರಿಂದ ಮೊದಲು ಸುತ್ತಲಿನದನ್ನು ಬದಲಿಸಿ ಎಂದರು. ಪಂದ್ಯದ ಹಿಂದಿನ ದಿನ ಖಾಲಿ ಮೈದಾನ ತೋರಿಸಿದೆವು. ಅವನ ಕೈಗೇ ಒಂದು ಸೀಟಿ ಕೊಟ್ಟು ಊದಿಸಿದೆವು. ಯಾವುದರ ನಂತರ ಯಾವುದು ಎಂದು ಚಿತ್ರ ಬರೆದು ಜೇಬಿನಲ್ಲಿಟ್ಟೆವು. ಕಿವಿಗೆ ಹತ್ತಿ. ಇಷ್ಟರಿಂದ ಅರ್ಧ ಗಾಬರಿ ಇಳಿಯಿತು. ಉಳಿದರ್ಧ ಇಳಿಯಲಿಲ್ಲ. ಆಗ ಎದೆ ಪರೀಕ್ಷಿಸಿ, ದಮ್ಮಿನ ಕಾಯಿಲೆ ಇಲ್ಲವೆಂದು ಖಾತ್ರಿಮಾಡಿಕೊಂಡು, ಪ್ರೊಪ್ರನೊಲಾಲ್ ಎಂಬ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದರು. ಮೊದಲು ಪಂದ್ಯವಿಲ್ಲದ ದಿನ ಮನೆಯಲ್ಲೇ ಕೊಟ್ಟು ನೋಡಿ ಎಂದರು. ಇದು ನಿದ್ದೆ ಗುಳಿಗೆಯಲ್ಲ. ಎದೆಬಡಿತ, ಕೈನಡುಕ ತಗ್ಗಿಸುತ್ತದೆ, ಮನಸ್ಸಿನೊಳಗಿನ ಹೆದರಿಕೆಯ ಯೋಚನೆಗೆ ಕೈಹಾಕುವುದು ಕಡಿಮೆ. ಅಷ್ಟರೊಳಗೆ ಹತ್ತಿರದ ನೆಂಟರೊಬ್ಬರು ತಮ್ಮ ನಿದ್ದೆ ಗುಳಿಗೆಯಲ್ಲೇ ಅರ್ಧ ಮುರಿದು ಕೊಡಲು ಬಂದಿದ್ದರು! ಪ್ರೀತಿಯಿಂದಲೇ. ಆದರೆ ಅಂಥ ಗುಳಿಗೆ ಕೆಲವು ಮಕ್ಕಳನ್ನು ಮಲಗಿಸುವ ಬದಲು ಇನ್ನಷ್ಟು ಕೆರಳಿಸುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಈಗ ಹಿರಿಯರ ಮಾತಿಗೆ ಬರೋಣ. ಗುಳಿಗೆ ಕೊಡುವುದು ವಿಶ್ವಾಸದ ಕೊರತೆಯೇ? ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ನಾವು ಆ ವಾರ ಮತ್ತೆ ಓದಿದೆವು. ಔಷಧವನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ, ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಕೊಡು ಎಂಬುದು ಅಲ್ಲಿಯ ಅರ್ಥ. ಒಂದನ್ನು ಹಿಡಿದು ಇನ್ನೊಂದನ್ನು ಬಿಡು ಎಂದು ಅಲ್ಲಿಲ್ಲ. ಕಷ್ಟವನ್ನು ಶಿಲುಬೆಯ ಬಳಿ ಒಪ್ಪಿಸಬೇಕು ಎಂದು ಇನ್ನೊಬ್ಬರು ಹೇಳಿದ್ದರು. ಈ ಮಾತು ನಮ್ಮನ್ನು ಬಹಳ ಕಾಡಿತು. ಸಂತ ಮಾರ್ಕನ ಶುಭಸಂದೇಶದಲ್ಲಿ, ಶಿಲುಬೆಗೇರಿಸುವ ಮುನ್ನ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸುಸ್ವಾಮಿ ಕುಡಿಯಲಿಲ್ಲವೆಂದಿದೆ. ಆದರೆ ಅದು ತಾವೇ ಆರಿಸಿಕೊಂಡ ತಮ್ಮ ನೋವು. ತಮ್ಮ ಬಳಿ ಬಂದ ಯಾವ ರೋಗಿಗೂ, ಯಾವ ತಂದೆಯ ಮಗುವಿಗೂ, ನೀನು ಇದನ್ನು ಸಹಿಸಿಕೊಂಡಿರು ಎಂದು ಅವರು ಹೇಳಿ ಕಳಿಸಿದ್ದು ನಾಲ್ಕೂ ಶುಭಸಂದೇಶಗಳಲ್ಲಿ ನಮಗೆ ಕಾಣಲಿಲ್ಲ. 1957ರ ಫೆಬ್ರವರಿಯಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳೂ ನೋವು ತಗ್ಗಿಸುವ ಔಷಧ ಕ್ರೈಸ್ತರಿಗೆ ಸಲ್ಲುತ್ತದೆಂದೇ ವೈದ್ಯರಿಗೆ ತಿಳಿಸಿದರು. ನಮ್ಮ ನೋವನ್ನು ನಾವು ಒಪ್ಪಿಸಬಹುದು. ಮಗನ ನೋವನ್ನು ಅವನ ಪರವಾಗಿ ಒಪ್ಪಿಸಲು ನಾವು ಯಾರು?

ಎರಡನೆಯದು, ಇದು ಮೋಸವೇ? ಈ ಸಂಶಯ ಸುಳ್ಳಲ್ಲ. ಪ್ಯಾರಿಸ್‌ನಲ್ಲಿ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಮೇಲೆ ನಮ್ಮ ಜಿಲ್ಲೆಯ ಚಿಕ್ಕ ಮಕ್ಕಳಿಗೂ ಶೂಟಿಂಗ್ ಎಂದರೇನೆಂದು ಗೊತ್ತು. ಆ ಕ್ರೀಡೆಯಲ್ಲಿ ಇದೇ ಪ್ರೊಪ್ರನೊಲಾಲ್ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಈ ಔಷಧ ಸಿಕ್ಕಿಬಿದ್ದುದರಿಂದ ಒಂದು ಬೆಳ್ಳಿ, ಒಂದು ಕಂಚು ಎರಡನ್ನೂ ಕಳೆದುಕೊಂಡರು. ಕೈ ಅಲುಗದಿದ್ದರೆ ಗುರಿ ತಪ್ಪುವುದಿಲ್ಲ, ಅಲ್ಲಿ ಅದು ಲಾಭ. ಫುಟ್‌ಬಾಲಿನಲ್ಲಿ ಹಾಗಲ್ಲ. ಓಡುವಾಗ ಎದೆಬಡಿತ ಏರಲು ಈ ಗುಳಿಗೆ ಬಿಡುವುದಿಲ್ಲ, ಹುಡುಗ ಬೇಗ ದಣಿಯುತ್ತಾನೆ. ನಮ್ಮ ಮಗ ಗುಳಿಗೆ ತೆಗೆದುಕೊಂಡ ದಿನ ಉಳಿದವರಿಗಿಂತ ನಿಧಾನ. ಅವನಿಗೆ ಸಿಗುವುದು ಗೆರೆಯೊಳಗೆ ನಿಲ್ಲುವ ಅವಕಾಶ ಅಷ್ಟೇ, ಅದು ಉಳಿದ ಹುಡುಗರಿಗೆ ಮೊದಲೇ ಇದೆ.

ಇವೆರಡಕ್ಕೂ ಉತ್ತರ ಸಿಕ್ಕಿತು. ಸಿಗದೆ ಉಳಿದದ್ದು ಮೂರನೆಯದು, ಅದನ್ನು ಯಾರೂ ನಮಗೆ ಕೇಳಿರಲಿಲ್ಲ. ಹೇಳಿಬಿಡುತ್ತೇವೆ. ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ನೆಂಟರ ಮದುವೆ ಇತ್ತು. ಬ್ಯಾಂಡು, ಮೈಕು, ಪಟಾಕಿ. ಹೋಗುವ ಮೊದಲು ಮಗನಿಗೆ ಆ ಗುಳಿಗೆ ಕೊಟ್ಟೆವು. ಅವನಿಗೆ ಮದುವೆಗೆ ಬರುವ ಮನಸ್ಸೇ ಇರಲಿಲ್ಲ. ನಾಲ್ಕು ತಾಸು ಕುರ್ಚಿಯಲ್ಲಿ ಕೂತಿದ್ದ, ಓಡಲಿಲ್ಲ, ಕಿರುಚಲಿಲ್ಲ. ಎಷ್ಟು ಶಾಣ್ಯಾ ಆಗಿದ್ದಾನೆ ಎಂದು ಎಲ್ಲರೂ ಹೊಗಳಿದರು, ನಾವೂ ಹಿಗ್ಗಿದೆವು. ಮನೆಗೆ ಬಂದು ನೋಡಿದರೆ ತನ್ನ ಮುಂಗೈಯನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಿದ್ದ. ಎದೆಬಡಿತ ತಗ್ಗಿತ್ತು, ಒಳಗಿನ ಹೆದರಿಕೆ ಹಾಗೇ ಇತ್ತು. ಹೊರಗಿನವರಿಗೆ ಕಾಣದಂತೆ ಮಾಡಿದ್ದೆವು, ಅಷ್ಟೇ. ಅದೇ ಗುಳಿಗೆ, ಅಷ್ಟೇ ಪ್ರಮಾಣ, ಕೊಟ್ಟ ಕೈಯೂ ಅದೇ. ಧರ್ಮಸಭೆ ಒಂದು ಕೃತ್ಯವನ್ನು ತೂಗುವಾಗ ಮಾಡಿದ್ದೇನು ಎಂಬುದರ ಜೊತೆಗೆ ಉದ್ದೇಶವನ್ನೂ ಸನ್ನಿವೇಶವನ್ನೂ ನೋಡುತ್ತದೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ನಮಗೆ ಆ ರಾತ್ರಿ ಅರ್ಥವಾಯಿತು. ಮೈದಾನದಲ್ಲಿ ಕೊಟ್ಟದ್ದು ಅವನಿಗೆ ಬೇಕಾದದ್ದನ್ನು ಮಾಡಲು. ಮದುವೆಯಲ್ಲಿ ಕೊಟ್ಟದ್ದು ನಮ್ಮ ಮರ್ಯಾದೆಗೆ.

ಆ ಮೇಲೆ ಮೈದಾನದಲ್ಲೂ ಅದೇ ಜಾರುದಾರಿ ಕಾಣತೊಡಗಿತು. ಒಂದು ಪಂದ್ಯದ ಮುಂಜಾನೆ ಕೋಚ್ ಸರ್ ಫೋನು ಮಾಡಿ, ಇವತ್ತು ಗುಳಿಗೆ ಕೊಟ್ಟೇ ಕಳಿಸಿ, ಆಟಗಾರರು ಕಡಿಮೆ ಇದ್ದಾರೆ, ಗೆಲ್ಲಲೇಬೇಕು ಎಂದರು. ಕೆಟ್ಟವರಲ್ಲ, ಈ ಹುಡುಗನನ್ನು ತಂಡಕ್ಕೆ ಸೇರಿಸಿಕೊಂಡವರೇ ಅವರು. ಆದರೆ ಕಥೋಲಿಕ ಧರ್ಮೋಪದೇಶ ಗ್ರಂಥದ 2289ನೆಯ ಪರಿಚ್ಛೇದ ಕ್ರೀಡೆಯ ಗೆಲುವನ್ನು ವಿಗ್ರಹ ಮಾಡಿಕೊಳ್ಳಬೇಡಿ ಎಂಬ ಅರ್ಥದಲ್ಲಿ ಎಚ್ಚರಿಸುವುದು ಒಲಿಂಪಿಕ್ಸಿನವರಿಗೆ ಮಾತ್ರವಲ್ಲ, ಓಣಿಯ ಕಪ್ಪಿಗೂ ಅದು ಹತ್ತುತ್ತದೆ. ಅವತ್ತು ಮಗನನ್ನು ಕೇಳಿದೆವು. ತಲೆ ಅಲ್ಲಾಡಿಸಿದ. ಕಳಿಸಲಿಲ್ಲ. ಸರ್ ಒಂದು ವಾರ ನಮ್ಮ ಜೊತೆ ಮಾತಾಡಲಿಲ್ಲ.

ಮಗುವನ್ನು ಕೇಳುವುದೇನೋ ಸರಿ. ಮಾತು ಕಡಿಮೆ ಇರುವ ಮಗುವನ್ನು ಹೇಗೆ ಕೇಳುವುದು? ಅವನು ಹೂಂ ಎಂದರೆ ಅದು ಅವನ ಹೂಂ ಹೌದೋ, ನಮ್ಮ ಮುಖ ನೋಡಿ ಹೇಳಿದ್ದೋ? ಈ ಸಂಶಯ ನಮಗೆ ಈಗಲೂ ಪೂರ್ತಿ ಹೋಗಿಲ್ಲ. ಹಾಗೆಂದು ಕೇಳದೆ ಕೊಟ್ಟುಬಿಡುವುದು ಸುಲಭವೆನಿಸಿದಾಗೆಲ್ಲ ಆ ಮುಂಗೈಯ ಗಾಯ ನೆನಪಾಗುತ್ತದೆ.

ಕಳೆದ ತಿಂಗಳು ಗಡಹಿಂಗ್ಲಜದಲ್ಲಿ ಪಂದ್ಯವಿತ್ತು. ಅದೂ ಫುಟ್‌ಬಾಲಿನ ಊರೇ, ಜನ ಸೇರುತ್ತಾರೆ. ನಿಪ್ಪಾಣಿ ದಾಟಿ ಸಂಕೇಶ್ವರದಲ್ಲಿ ಚಹಾಕ್ಕೆ ಗಾಡಿ ನಿಂತಾಗ ಮಗನ ಪಕ್ಕ ಕೂತು ಕೇಳಿದೆವು.

"ಹೊಟ್ಯಾಗ ಮಗ್ಗ ನಡದಾವೇನು?"

"ನಡದಾವ."

"ಎಷ್ಟ?"

ಇಷ್ಟು ದಿನ ಈ ಪ್ರಶ್ನೆ ನಮಗೇ ಹೊಳೆದಿರಲಿಲ್ಲ. ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಎಣಿಸಿದ. "ಎರಡ."

"ಗುಳಿಗಿ ಬೇಕೇನಪಾ?"

"ನಾಕ ಆದ್ರ ತಗೋತೀನಿ. ಎರಡಕ್ಕ ಬ್ಯಾಡ."

ಮೈದಾನ ಮುಟ್ಟುವಷ್ಟರಲ್ಲಿ ಮೂರಾಗಿದ್ದವು. ಗುಳಿಗೆ ಚೀಲದಲ್ಲೇ ಉಳಿಯಿತು. ಎರಡನೆಯ ಅರ್ಧದಲ್ಲಿ 20 ನಿಮಿಷ ಆಡಿದ, ತಂಡ ಸೋತಿತು. ಅದರ ಮುಂದಿನ ವಾರ ನಮ್ಮ ಊರಲ್ಲೇ ಪಂದ್ಯ. ಬೆಳಿಗ್ಗೆ ಎದ್ದವನೇ "ಐದ" ಎಂದು ಹೇಳಿ, ತಾನೇ ನೀರಿನ ಲೋಟ ತಂದು ನಮ್ಮ ಮುಂದೆ ನಿಂತ.