ಕಡಲ ತೀರದಲ್ಲಿ ಎರಡು ದಿನ: ಕಾಯಕಕ್ಕೆ ಭಂಗವೇ?



ದುಡಿದು ಉಣ್ಣುವ ಮನೆಯವರು ಎರಡು ದಿನ ಹೊಲ, ಅಂಗಡಿ ಬಿಟ್ಟು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕಡಲು ನೋಡಲು ಹೋಗುವುದು ಸರಿಯೇ? ಪೊಂಗಲ್ ರಜೆಯೋ ಅರೆವಾರ್ಷಿಕ ಪರೀಕ್ಷೆಯ ರಜೆಯೋ ಬಂದಾಗಲೆಲ್ಲ ನಮ್ಮ ತಾಳವಾಡಿ ಸೀಮೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು. "ಕಾಯಕ ಬಿಟ್ಟು ವಿಹಾರವೇನು?" ಎಂದು ಹಿರಿಯರು ಕೇಳುತ್ತಾರೆ. "ಪಕ್ಕದ ಮನೆಯವರು ಹೋಗಿ ಬಂದರಲ್ಲ!" ಎಂದು ಕಿರಿಯರು ಹೇಳುತ್ತಾರೆ. ಈ ಎರಡು ಮಾತಿನಲ್ಲಿ ಯಾವುದೂ ಪೂರ್ತಿ ಉತ್ತರವಲ್ಲ.

ಮೊದಲು ಒಂದು ನೆಪವನ್ನು ಬದಿಗಿಡೋಣ. ಹಿಂದೆ ಕಡಲ ದಾರಿ ಹಿಡಿದವರು ರಾಮೇಶ್ವರ, ಗೋಕರ್ಣ ಎಂದು ಹೇಳಿ ಹೊರಡುತ್ತಿದ್ದರು. ಕ್ಷೇತ್ರದ ಹೆಸರಿದ್ದರೆ ಖರ್ಚನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ನೀರಿನಲ್ಲಿ ಮುಳುಗಿದರೆ ಪುಣ್ಯ ಬರುತ್ತದೆಂಬುದನ್ನು ಶರಣರು ಒಪ್ಪಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿರುವವರಿಗೆ ದೂರದ ತೀರ್ಥದ ಹಂಗಿಲ್ಲ. ಆದ್ದರಿಂದ ನಾವು ಕಡಲಿಗೆ ಹೋಗುವುದು ಪುಣ್ಯಕ್ಕಲ್ಲ, ಸಂತೋಷಕ್ಕೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಹಾಗೆ ಒಪ್ಪಿಕೊಂಡ ಮೇಲೆ ಪ್ರಶ್ನೆ ಇನ್ನೂ ನೇರವಾಗುತ್ತದೆ. ಆ ಸಂತೋಷ ಯಾರದು? ಅದರ ಬೆಲೆ ತೆರುವವರು ಯಾರು?

ಹಿರಿಯರು ಆಯ್ದಕ್ಕಿ ಲಕ್ಕಮ್ಮನವರ ನಿದರ್ಶನ ಕೊಡುವುದುಂಟು. ಪತಿ ಮಾರಯ್ಯನವರು ಅನುಭವ ಗೋಷ್ಠಿಯಲ್ಲಿ ಕುಳಿತು ಹೊತ್ತನ್ನೇ ಮರೆತಾಗ, ಕಾಯಕ ನಿಂತಿದೆ ಏಳಿ ಎಂದು ನೆನಪಿಸಿದವರು ಆ ತಾಯಿ. ಶರಣರ ಗೋಷ್ಠಿಗೇ ವಿನಾಯಿತಿ ಇಲ್ಲವೆಂದ ಮೇಲೆ ಕಡಲ ವಿಹಾರಕ್ಕೆಲ್ಲಿಯ ವಿನಾಯಿತಿ ಎಂಬುದು ಹಿರಿಯರ ವಾದ. ವಾದವೇನೋ ಗಟ್ಟಿಯಾದದ್ದೇ. ಆದರೆ ಲಕ್ಕಮ್ಮನವರು ಎಚ್ಚರಿಸಿದ್ದು ಮೈಮರೆವಿನ ವಿಷಯದಲ್ಲಿ. ಮಾಡಬೇಕಾದ ಕೆಲಸ ಯಾವುದೆಂಬುದನ್ನು ಮರೆಯಬಾರದು ಎಂಬುದೇ ಅದರ ತಿರುಳು. ಹೊಲ, ಅಂಗಡಿಗಳಷ್ಟೇ ಕಾಯಕವೇ? ಹೆತ್ತ ಮಕ್ಕಳ ಕಡೆಗೆ ಕಣ್ಣಿಟ್ಟು ಬೆಳೆಸುವುದು ಕಾಯಕವಲ್ಲವೇ?

ನಮ್ಮ ಬೆಟ್ಟದ ರೈತನ ದಿನಚರಿಯನ್ನೇ ನೋಡಿ. ರಾಗಿ, ಮುಸುಕಿನ ಜೋಳ, ಬಾಳೆ ಕೈಗೆ ಬರುವ ಕಾಲಕ್ಕೆ ಆನೆ, ಹಂದಿಗಳ ಕಾಟ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಬ್ಯಾಟರಿ ಹಿಡಿದು ಕಾವಲು. ಬೆಳಿಗ್ಗೆ ಅಪ್ಪ ಮನೆಗೆ ಬಂದು ಮಲಗುವ ಹೊತ್ತಿಗೆ ಮಗು ಶಾಲೆಗೆ ಹೊರಟಿರುತ್ತದೆ. ವ್ಯಾಪಾರಿಯ ಮನೆಯಲ್ಲೂ ಅಷ್ಟೇ. ಲೋಡು ಮೇಟ್ಟುಪಾಳ್ಯಂ ಮಂಡಿ ಮುಟ್ಟುವವರೆಗೆ ಅವರ ಚಿತ್ತವೆಲ್ಲ ಲಾರಿಯ ಮೇಲೆ. ಒಂದು ಬಾಳೆಗೊನೆಗಾಗಿ ರಾತ್ರಿಯೆಲ್ಲ ಎಚ್ಚರವಾಗಿರುವ ಕಣ್ಣು, ಮಗುವನ್ನು ಹಗಲು ಬೆಳಕಿನಲ್ಲಿ ಎಷ್ಟು ಹೊತ್ತು ನೋಡಿದೆ? ಈ ಲೆಕ್ಕವನ್ನು ಯಾವ ಖಾತೆ ಪುಸ್ತಕದಲ್ಲೂ ಬರೆಯುವುದಿಲ್ಲ. ಎರಡು ದಿನದ ಪ್ರವಾಸಕ್ಕೆ ಅರ್ಥ ಬರುವುದು ಈ ಬಾಕಿಯನ್ನು ತೀರಿಸಿದರೆ ಮಾತ್ರ.

ತಾಳವಾಡಿಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾರಿಯಾಗಿ ಕೋಯಿಕ್ಕೋಡಿನ ಕಡಲಿಗೆ 200 ಕಿ.ಮೀ.ಗೂ ಮೇಲೆ. ದಾರಿಯಲ್ಲೇ ಪಾಠ ಎಷ್ಟಿದೆ! ನಮ್ಮ ದಿಂಬಂ ಘಾಟಿಗೆ 27 ತಿರುವು, ತಾಮರಶ್ಶೇರಿ ಘಾಟಿಗೆ 9 ಎಂದು ಮಕ್ಕಳೇ ಎಣಿಸಲಿ. ತೀರದಲ್ಲಿ ನಿಂತಾಗ ಇನ್ನೊಂದು ಮಾತು ಹೇಳಬಹುದು. ದಿಂಬಂ ಕೆಳಗಿನ ಮೋಯಾರ್ ಭವಾನಿಯನ್ನು ಸೇರುತ್ತದೆ, ಭವಾನಿ ಕಾವೇರಿಯನ್ನು ಸೇರುತ್ತದೆ, ಕಾವೇರಿ ಪೂಂಪುಹಾರ್ ಬಳಿ ಮೂಡಣ ಕಡಲನ್ನು ಸೇರುತ್ತದೆ. ಪಡುವಣ ಕಡಲು ನಮ್ಮೂರಿಗೆ ಹತ್ತಿರವಿದ್ದರೂ ನಮ್ಮ ಬೆಟ್ಟದ ಮಳೆನೀರು ಅಷ್ಟು ದೂರದ ಇನ್ನೊಂದು ಕಡಲಿಗೆ ಹೋಗುವುದೇಕೆ ಎಂದು ಮಗು ಕೇಳೀತು. ಅದಕ್ಕೆ ಉತ್ತರ ಹೇಳಲು ಅಪ್ಪನಿಗೆ ಬಿಡುವಿರಬೇಕು.

ಇನ್ನು ಕಡಲಿನ ವಿಷಯ. ಕೆರೆ, ಬಾವಿ ಕಂಡು ಬೆಳೆದ ನಮಗೆ ಕಡಲ ನೀರಿನ ಗುಣ ತಿಳಿಯದು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ನಮ್ಮ ಮಕ್ಕಳಂತೆಯೇ ಅವರೂ ಕಡಲು ಕಾಣದ ಸೀಮೆಯವರು. ಅದೇ ವರ್ಷ ಮಾರ್ಚ್ 31, ಈಸ್ಟರ್ ಭಾನುವಾರ, ಕೇರಳದ ಹಲವು ತೀರಗಳಲ್ಲಿ ಮಳೆ ಬಿರುಗಾಳಿ ಇಲ್ಲದೆಯೇ ಕಡಲು ಉಕ್ಕಿ ಮನೆ, ರಸ್ತೆಗಳಿಗೆ ನುಗ್ಗಿತು. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಅಲೆ ದಿನಗಟ್ಟಲೆ ಸಾಗಿ ಬಂದು ಹೀಗಾಗುತ್ತದೆ. ಮಲಯಾಳಿಗಳು ಇದನ್ನು "ಕಳ್ಳಕ್ಕಡಲ್" ಎನ್ನುತ್ತಾರೆ, ಎಂದರೆ ಕಳ್ಳನಂತೆ ಬರುವ ಕಡಲು. ಅಕ್ಕಪಕ್ಕದಲ್ಲಿ ಅಲೆ ಮುರಿಯುತ್ತಿದ್ದು, ನಡುವೆ ಒಂದು ಕಡೆ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬಾರದು. ದಡಕ್ಕೆ ಬಂದ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವ ದಾರಿ ಅದೇ ಆಗಿರಬಹುದು. ಕೆಂಪು ಬಾವುಟವಿದ್ದರೆ ನೀರಿನ ಹತ್ತಿರ ಹೋಗುವ ಮಾತೇ ಬೇಡ. ಮುಂಗಾರಿನ ತಿಂಗಳುಗಳಲ್ಲಿ ದೂರದಿಂದಲೇ ನೋಡಿ ಬರುವುದು ಕ್ಷೇಮ. ಚಿಕ್ಕ ಮಗು ಯಾವಾಗಲೂ ದೊಡ್ಡವರ ಕೈಗೆಟುಕುವಷ್ಟು ಹತ್ತಿರವೇ ಇರಬೇಕು.

ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಮಗುವಿನ ಮೇಲಿನ ಕಣ್ಣು ಒಂದು ಗಳಿಗೆಯೂ ಕದಲಬಾರದೆಂದು ಕಡಲು ಕೇಳುತ್ತದೆ. ಮನೆಯಲ್ಲಿ ವರ್ಷವೆಲ್ಲ ಕೊಡಲಾಗದ ಗಮನವನ್ನು ಅದು ನಮ್ಮಿಂದ ಕಡ್ಡಾಯವಾಗಿ ವಸೂಲು ಮಾಡುತ್ತದೆ. ಅಲ್ಲಿಯೂ ಅಪ್ಪ ಟೊಮೆಟೊ ಧಾರಣೆ ಕೇಳುತ್ತ ಫೋನಿನಲ್ಲಿದ್ದರೆ, ಮಕ್ಕಳನ್ನು ಅಷ್ಟು ದೂರ ಕರೆತಂದದ್ದು ಯಾತಕ್ಕೆ? ಲಕ್ಕಮ್ಮನವರು ಎಚ್ಚರಿಸಿದ ಮೈಮರೆವು ಅದೇ.

ಮನೆಯೊಡತಿಯ ಪಾಲೇನು ಎಂಬುದನ್ನೂ ನೋಡಬೇಕು. ಹೊರಡುವ ಹಿಂದಿನ ರಾತ್ರಿ ಚಪಾತಿ, ಪುಳಿಯೋಗರೆ ಕಟ್ಟುವವರು ಅವರು. ತೀರದಲ್ಲಿ ಎಲ್ಲರೂ ನೀರಿಗಿಳಿದಾಗ ಚಪ್ಪಲಿ, ಬ್ಯಾಗು ಕಾಯುವವರೂ ಅವರೇ. ಬಂದ ಮೇಲೆ ಮರಳು ತುಂಬಿದ ಬಟ್ಟೆ ಒಗೆಯುವವರೂ ಅವರೇ. ಒಬ್ಬರ ಕೆಲಸ ಇಮ್ಮಡಿ ಮಾಡಿ ಉಳಿದವರು ಪಡುವ ವಿಶ್ರಾಂತಿ ನ್ಯಾಯವಾದದ್ದಲ್ಲ. ಗಂಡಸರು ಒಂದು ಗಂಟೆ ಬ್ಯಾಗು ಕಾದರೆ ಗೌರವಕ್ಕೆ ಕುಂದಿಲ್ಲ.

ಊರಿನಲ್ಲಿ ಉಳಿದವರನ್ನೂ ಮರೆಯುವಂತಿಲ್ಲ. ಕರೆಯುವ ಹಸುವಿಗೆ ಭಾನುವಾರವಿಲ್ಲ. ಹಾಲು ಕರೆಯಲು ನೆರೆಯವರು ಬರುತ್ತಾರೆ, ಹೊಲ ಕಾಯಲು ಆಳು ಇರುತ್ತಾನೆ, ಮನೆಯಲ್ಲಿ ಮುದಿತಾಯಿ ಒಬ್ಬರೇ ಇರುತ್ತಾರೆ. ನಮ್ಮ ಎರಡು ದಿನದ ಬಿಡುವು ಇವರೆಲ್ಲರ ದುಡಿಮೆಯಿಂದ ಬಂದದ್ದು. ಇದನ್ನು ತೀರಿಸುವ ಬಗೆ ನಮ್ಮ ಹಿರಿಯರಿಗೆ ಗೊತ್ತಿತ್ತು. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಎಂಬ ಪದ್ಧತಿ ಇರಲಿಲ್ಲವೇ? ಪ್ರವಾಸಕ್ಕೂ ಅದೇ ನಿಯಮ ಇರಲಿ. ಈ ರಜೆಗೆ ನಿಮ್ಮ ಹಸುವನ್ನು ಅವರು ನೋಡಿಕೊಂಡರೆ ಮುಂದಿನ ರಜೆಗೆ ಅವರ ಹಸುವನ್ನು ನೀವು ನೋಡಿಕೊಳ್ಳಿ. ಕಾವಲಿಗಿದ್ದ ಆಳಿಗೂ ಕಡಲು ಕಾಣದ ಮಕ್ಕಳಿದ್ದಾರೆ. ಗಾಡಿಯಲ್ಲಿ ಒಂದು ಸೀಟು ಉಳಿದರೆ ಅವರ ಮಗುವನ್ನೂ ಕರೆದೊಯ್ಯುವುದು ದಾಸೋಹವೇ ಸರಿ.

ಕೊನೆಗೆ ಹಣದ ಮಾತು. ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳಿಸಿದರೆಂಬ ಕಥೆ ಎಲ್ಲರಿಗೂ ಗೊತ್ತಿದೆ. ಬಡ್ಡಿಗೆ ತಂದ ಹಣದಲ್ಲಿ ಕಡಲು ನೋಡುವುದು ಬೇಡ. ಇದ್ದಷ್ಟರಲ್ಲಿ ಒಂದು ದಿನವಾದರೂ ಸಾಕು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮ ವಾಹನಗಳಿಗೆ ಇಲ್ಲ. ಗೇಟು ಹಾಕುವ ಮೊದಲು ಮುಟ್ಟಬೇಕೆಂದು ಘಾಟಿಯಲ್ಲಿ ಅವಸರ ಮಾಡದೆ, ಮಧ್ಯಾಹ್ನವೇ ತೀರದಿಂದ ಹೊರಟುಬಿಡಿ.

ಆದ್ದರಿಂದ ಹಿರಿಯರಲ್ಲಿ ವಿನಂತಿ: ಹೋಗುವವರನ್ನು ತಡೆಯಬೇಡಿ, ಯಾರು ಕಾಯುತ್ತಾರೆ, ಯಾರು ಕರೆಯುತ್ತಾರೆ, ಸಾಲವೇನಾದರೂ ಉಂಟೇ ಎಂದು ಕೇಳಿ ಕಳಿಸಿ. ಕಿರಿಯರಲ್ಲಿ ವಿನಂತಿ: ನೆರೆಯವರು ಹೋದರೆಂದು ಹೋಗಬೇಡಿ; ಮಕ್ಕಳಿಗಾಗಿ ಹೋಗಿ, ಅಲ್ಲಿರುವಷ್ಟು ಹೊತ್ತು ಮಕ್ಕಳ ಕಾವಲನ್ನೇ ಕಾಯಕವೆಂದು ತಿಳಿಯಿರಿ. ಎಲ್ಲರೂ ಕ್ಷೇಮವಾಗಿ ಹೋಗಿ ಬನ್ನಿ.

ಶರಣು ಶರಣಾರ್ಥಿ.

— ಕಾರ್ಯದರ್ಶಿ