ಕಲಿಯುವವನ ಕಾಯಕ

ಕಾಯಕವೆಂಬ ಮಾತು ಇಂದು ಸಭೆಗಳಲ್ಲಿಯೂ ಕಚೇರಿಗಳ ಗೋಡೆಯ ಮೇಲಿನ ಫಲಕಗಳಲ್ಲಿಯೂ ಧಾರಾಳವಾಗಿ ಕಾಣಬರುತ್ತಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದು ಫಲಕದ ಮೇಲಿರಲಿಲ್ಲ. ಅಂಬಿಗರ ಚೌಡಯ್ಯನ ಹುಟ್ಟಿನಲ್ಲಿ, ಮೇದಾರ ಕೇತಯ್ಯನ ಬಿದಿರ ಸೀಳಿನಲ್ಲಿ, ಮಡಿವಾಳ ಮಾಚಯ್ಯನ ಬಟ್ಟೆಯ ಗಂಟಿನಲ್ಲಿ ಇತ್ತು. ಆ ಶರಣರೆಲ್ಲರೂ ತಮ್ಮ ತಮ್ಮ ಕಸುಬನ್ನು ಕೈವಶ ಮಾಡಿಕೊಂಡವರು. ದುಡಿಮೆ ಅವರದು, ದುಡಿಮೆಯ ಫಲ ಅವರ ಮನೆಯ ದಾಸೋಹಕ್ಕೆ ಸಲ್ಲತಕ್ಕದ್ದು. ಆದರೆ ಇನ್ನೂ ಕಲಿಯುತ್ತಿರುವವನ ಮಾತೇನು? ಯಂತ್ರವೂ ತನ್ನದಲ್ಲ, ಕೆಲಸವೂ ತನ್ನದಲ್ಲ, ವರ್ಷ ಮುಗಿದ ಮೇಲೆ ಆ ಬಾಗಿಲು ತನಗೆ ತೆರೆದಿರುವುದೆಂಬ ಭರವಸೆಯೂ ಇಲ್ಲ. ಅಂಥವನು ಮಾಡುವುದು ಕಾಯಕವೆನಿಸೀತೇ, ಅಥವಾ ಕಾಯಕಕ್ಕೆ ಮುಂಚಿನ ಬರಿಯ ಕಾಯುವಿಕೆಯೇ? ಮಕ್ಕಳನ್ನು ಕಾರ್ಖಾನೆಯ ತರಬೇತಿಗೆ ಕಳುಹಿದ ಅನೇಕ ಸದ್ಭಕ್ತರ ಮನೆಗಳಲ್ಲಿ ಈ ಪ್ರಶ್ನೆ ಎದ್ದಿದೆ.

ಕಾಯಿದೆಯ ಉತ್ತರ ಸ್ಪಷ್ಟವಾಗಿದೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಹೀಗೆ ಸೇರಿದವನು ಕಲಿಯುವವನೇ ಹೊರತು ಕಾರ್ಮಿಕನಲ್ಲ. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದರು. ಅವರಿಗೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ಅವರಿಗೆ ಸಿಗುವುದು ಸಂಬಳವಲ್ಲ, ಭತ್ಯ. ಒಪ್ಪಂದದಲ್ಲಿ ಬರೆದಿರದಿದ್ದರೆ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಮಾಲೀಕನ ಮೇಲಿಲ್ಲ. ಕಾಯಿದೆ ಅಷ್ಟಕ್ಕೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸುವುದೂ ಸಲ್ಲದು.

ಚನ್ನಗಿರಿ ಸೀಮೆಯ ರೈತ ಭಕ್ತರೊಬ್ಬರ ಮಗ ಇಂಥ ಒಂದು ವರ್ಷವನ್ನು ಕಳೆದು ಬಂದನು. ಮಠವೊಂದರ ಪ್ರಸಾದ ನಿಲಯದಲ್ಲಿದ್ದು ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ತರುಣ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವನಿಗೆ ಲೇತ್ ಯಂತ್ರದ ವಿಭಾಗ ದೊರೆಯಿತು. ಮೊದಲನೆಯ ದಿನವೇ ಒಂದು ಧರ್ಮಸಂಕಟ. ತಿರುಗುವ ಯಂತ್ರದ ಬಳಿ ಉಂಗುರ, ಕೈಗಡಿಯಾರ, ಸಡಿಲವಾದ ತೋಳು, ಕೊರಳಲ್ಲಿ ಜೋಲುವ ದಾರ ಯಾವುದೂ ಇರಕೂಡದೆಂಬುದು ಅಲ್ಲಿನ ನಿಯಮ. ನಿಯಮ ಯೋಗ್ಯವಾದುದೇ: ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಚಕ್ಕಿಗೆ ದಾರವೊಂದು ಸಿಕ್ಕಿದರೆ ಅದು ದಾರವನ್ನಷ್ಟೇ ಎಳೆದುಕೊಳ್ಳುವುದಿಲ್ಲ. ತರುಣನ ಕೊರಳಲ್ಲಿ ಶಿವದಾರ, ಅದರ ತುದಿಯ ಕರಡಿಗೆಯಲ್ಲಿ ಇಷ್ಟಲಿಂಗ. “ಕೆಲಸದ ಹೊತ್ತಿನಲ್ಲಿ ತೆಗೆದಿಟ್ಟರಾಯಿತು” ಎಂದು ಜೊತೆಯವರು ಹೇಳಿದರು. ಪ್ರಾಣವಿರುವ ತನಕ ಅಂಗದಿಂದ ಲಿಂಗವನ್ನು ಅಗಲಿಸಬಾರದೆಂದು ದೀಕ್ಷೆಯ ದಿನ ಕೇಳಿದ್ದವನಿಗೆ ಆ ಮಾತು ಹಿಡಿಸಲಿಲ್ಲ. ನಿಯಮವನ್ನು ಮುರಿದು ಕದ್ದು ಧರಿಸುವುದೂ ಸರಿಬೀಳಲಿಲ್ಲ. ಆ ವಾರ ಅವನನ್ನು ಯಂತ್ರದಿಂದ ದೂರ, ಉಗ್ರಾಣದ ಲೆಕ್ಕಕ್ಕೆ ಕೂರಿಸಿದರು.

ಭಾನುವಾರ ಊರಿಗೆ ಬಂದಾಗ ತಾಯಿ ಅದನ್ನು ಬಗೆಹರಿಸಿದಳು. ನಾಭಿಯಿಂದ ಕೆಳಗೆ ಲಿಂಗವನ್ನು ಧರಿಸಬಾರದೆಂಬುದು ಸಂಪ್ರದಾಯ. ದಾರದಲ್ಲಿಯೇ ತೂಗಬೇಕೆಂಬ ಕಟ್ಟಳೆಯೇನೂ ಇಲ್ಲ. ಆಕೆ ಬಿಳಿಯ ಹತ್ತಿಯ ವಸ್ತ್ರದಲ್ಲಿ ಅಗಲವಾದ ಪಟ್ಟಿಯೊಂದನ್ನು ಹೊಲಿದು, ಲಿಂಗವು ಒಳಅಂಗಿಯ ಕೆಳಗೆ ಎದೆಗೆ ಅಂಟಿ ನಿಲ್ಲುವಂತೆ ಮಾಡಿದಳು. ತರುಣ ಅದನ್ನು ಮೇಲ್ವಿಚಾರಕರಿಗೆ ತೋರಿಸಿ, ಒಪ್ಪಿಗೆ ಪಡೆದೇ ಯಂತ್ರದ ಮುಂದೆ ನಿಂತನು.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನು ಇಲ್ಲಿ ನೆನೆಯುವುದು ಯುಕ್ತ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಚಂದಯ್ಯನ ಇಷ್ಟಲಿಂಗ ಜಾರಿ ಬಿದ್ದಿತು. ಅವನು ತಿರುಗಿ ನೋಡದೆ ಹುಲ್ಲಿನ ಹೊರೆ ಹೊತ್ತು ನಡೆದನು. ಲಿಂಗವೇ ಅವನ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನು ನಡುವೆ ಬಂದು ತಿಳಿಹೇಳಬೇಕಾಯಿತು. ಈ ಕಥೆಯನ್ನು ಕೇಳಿದ ಕೆಲವರು, ಕಾಯಕವಿದ್ದರೆ ಲಿಂಗ ಬೇಡವೆಂದು ಚಂದಯ್ಯನು ಸಾರಿದನೆಂದು ತೀರ್ಮಾನಿಸಿಬಿಡುತ್ತಾರೆ. ಅದು ಅವಸರದ ಓದು. ಗುರುವಾದರೂ, ಲಿಂಗವಾದರೂ, ಜಂಗಮವಾದರೂ ಕಾಯಕದಿಂದ ಹೊರತಲ್ಲವೆಂಬುದು ಅವನ ನಿಲುವು. ಕೊನೆಗೆ ಲಿಂಗವೂ ಅವನ ಜೊತೆಗೂಡಿ ದುಡಿಯಿತೆಂದೇ ಕಥೆ ಹೇಳುತ್ತದೆ. ಎದೆಗೆ ಕಟ್ಟಿದ ಲಿಂಗದೊಡನೆ ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವವನು ಲಿಂಗವನ್ನು ಪೂಜೆಯ ಮನೆಯಲ್ಲಿ ಬಿಟ್ಟು ಬಂದವನಲ್ಲ. ಅದನ್ನು ಕೆಲಸಕ್ಕೆ ಕರೆತಂದವನು.

ಅಲ್ಲಿ ಅವನಿಗೆ ಕೆಲಸ ಕಲಿಸಿದವನು ಇಪ್ಪತ್ತು ವರ್ಷ ಅದೇ ವಿಭಾಗದಲ್ಲಿ ಸವೆದ ಹಿರಿಯ ಕೆಲಸಗಾರ. ಲಿಂಗವಂತನಲ್ಲ, ವಚನ ಓದಿದವನೂ ಅಲ್ಲ. ಮೊದಲ ತಿಂಗಳು ಅವನು ಹುಡುಗನ ಕೈಗೆ ಉಳಿ ಕೊಡಲಿಲ್ಲ, ಪೊರಕೆ ಕೊಟ್ಟನು. ಪಾಳಿ ಮುಗಿದ ಮೇಲೆ ಲೋಹದ ಸುರುಳಿ ಚೂರುಗಳನ್ನು ಗುಡಿಸಿ, ಯಂತ್ರದ ಹಾಸನ್ನು ಒರೆಸಿ, ಎಣ್ಣೆ ಹಚ್ಚುವುದೇ ಪಾಠ. ದೂರವಾಣಿಯಲ್ಲಿ ಇದನ್ನು ಕೇಳಿ ತಂದೆ ಕುದಿದರು: “ಮೂರು ವರ್ಷ ಓದಿಸಿದ್ದು ಕಸ ಗುಡಿಸೋಕೇನೋ?” ಹುಡುಗನಿಗೂ ಒಳಗೊಳಗೆ ಅದೇ ಸಿಟ್ಟು. ಹಾಸಿನ ಮೇಲೆ ಸಿಕ್ಕಿದ ಒಂದು ಸಣ್ಣ ಚೂರು ಮರುದಿನದ ಅಳತೆಯನ್ನೇ ಕೆಡಿಸಬಲ್ಲುದೆಂದು ಕಣ್ಣಾರೆ ಕಂಡ ಮೇಲೆ ಆ ಸಿಟ್ಟು ಇಳಿಯಿತು. ಗುಡಿಸುವುದು ಮೇಲೋ ಕೀಳೋ ಎಂಬ ವಿಚಾರ ಬಂದಾಗ ಲಿಂಗವಂತರ ಮನೆಗಳಲ್ಲಿಯೇ ಇಂಥ ಮಾತು ಹೊರಡುವುದು ನಾಚಿಕೆಯ ಸಂಗತಿ. ಸತ್ಯಕ್ಕನಂಥ ಶರಣೆ ಅಂಗಳ ಗುಡಿಸಿದವಳೆಂಬುದನ್ನು ಪುರಾಣ ಕೇಳುವಾಗ ಮಾತ್ರ ನೆನೆದು ತಲೆದೂಗಿದರೆ ಸಾಲದು.

ಏಳನೆಯ ತಿಂಗಳಲ್ಲಿ ಪರೀಕ್ಷೆ ಬಂದಿತು. 25 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟುಗಳನ್ನು ಅವನು ತಿರುಗಿಸಬೇಕಿತ್ತು. ಅಳತೆ 25ಕ್ಕಿಂತ ಮೇಲೇರಬಾರದು, 24.98ಕ್ಕಿಂತ ಕೆಳಗಿಳಿಯಬಾರದು. ಮಿಕ್ಕಿದ್ದರೆ ಮತ್ತೊಮ್ಮೆ ತೆಗೆಯಬಹುದು. ಒಮ್ಮೆ ಕಡಿಮೆಯಾದ ಉಕ್ಕಿಗೆ ಮರಳಿ ಉಕ್ಕು ಸೇರಿಸುವಂತಿಲ್ಲ. ಹಿರಿಯ ಕೆಲಸಗಾರ ಎರಡು ಬಾರಿ ಎಚ್ಚರಿಸಿದ್ದನು: “ತಮ್ಮಾ, ಬಿಸಿ ಉಕ್ಕು ಸುಳ್ಳು ಹೇಳುತ್ತೆ. ಆರಲಿ, ಆಮೇಲೆ ಅಳೆ.” ಕೊರೆತದ ಕಾವಿನಿಂದ ಉಕ್ಕು ಹಿಗ್ಗುತ್ತದೆ. 25 ಮಿಲಿಮೀಟರ್ ದಪ್ಪದ ಶಾಫ್ಟು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.012 ಮಿಲಿಮೀಟರ್ ದಪ್ಪವಾಗುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಆ ಶಾಫ್ಟು ಕೂರಬೇಕಾದ ಬೇರಿಂಗಿಗೆ ಅದೇ ಎಲ್ಲವೂ. ಆದರೆ ಆ ಸಂಜೆ ಹುಡುಗನ ಮನಸ್ಸು ಎಣಿಕೆಯ ಮೇಲಿತ್ತು. ನುರಿತವರಷ್ಟೇ ತಾನೂ ಮುಗಿಸಿದನೆನಿಸಿಕೊಳ್ಳುವ ಆಸೆ. ನಲವತ್ತು ಶಾಫ್ಟುಗಳನ್ನು ಬಿಸಿಯಾಗಿರುವಾಗಲೇ ಅಳೆದು, ಮೈಕ್ರೊಮೀಟರ್ ತೋರಿದ ಅಂಕಿಯನ್ನು ತಪಾಸಣೆಯ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಪೆಟ್ಟಿಗೆಯನ್ನು ಮುಂದಿನ ವಿಭಾಗದ ಬಾಗಿಲಿಗೆ ತಳ್ಳಿಬಂದನು. ಬರೆದ ಅಂಕಿಯಾವುದೂ ಹುಸಿಯಲ್ಲ. ಹಾಳೆ ಮಾತ್ರ ಹುಸಿ.

ರಾತ್ರಿ ಹನ್ನೊಂದಕ್ಕೆ ಕೋಣೆಗೆ ಬಂದು, ಮಿಂದು, ವಿಭೂತಿ ಧರಿಸಿ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು ಕುಳಿತನು. ದೃಷ್ಟಿ ನಿಲ್ಲಲಿಲ್ಲ. ಅಂಗೈಯ ಲಿಂಗವನ್ನು ನೋಡಹೋದರೆ ಅಂಗೈ ಬಿಸಿಯಾಗಿದ್ದ ಶಾಫ್ಟನ್ನೇ ನೆನೆಯುತ್ತಿತ್ತು.

ಬೆಳಗಿನ ಪಾಳಿ ಆರಂಭವಾಗುವ ಮುನ್ನವೇ ಅವನು ಕಾರ್ಖಾನೆಯ ಬಾಗಿಲಲ್ಲಿದ್ದನು. ರಾತ್ರಿಯೆಲ್ಲ ತಣಿದಿದ್ದ ನಲವತ್ತನ್ನೂ ಮರಳಿ ಅಳೆದನು. ಒಂಬತ್ತು 24.97ಕ್ಕೆ ಇಳಿದಿದ್ದುವು. ಅವನ್ನು ಬೇರೆ ಇಟ್ಟು, ಹಾಳೆಯನ್ನು ಹಿಡಿದು ಮೇಲ್ವಿಚಾರಕರ ಮುಂದೆ ನಿಂತು ನಡೆದುದನ್ನು ಹೇಳಿದನು. ಭೇಷ್ ಎನ್ನುವರೆಂದು ಅವನು ಎಣಿಸಿದ್ದರೆ ಅದು ನಡೆಯಲಿಲ್ಲ. “ಹಾಗಾದರೆ ಹಿಂದಿನ ವಾರಗಳ ಹಾಳೆಗಳನ್ನು ನಂಬುವುದು ಹೇಗೆ?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ, ಅವನಲ್ಲಿ ಉತ್ತರವಿರಲಿಲ್ಲ. ಒಂಬತ್ತು ಶಾಫ್ಟು ಗುಜರಿಗೆ ಹೋದವು. ಮುಂದೆ ಎರಡು ತಿಂಗಳು ಅವನ ಕೆಲಸಕ್ಕೆ ಇನ್ನೊಬ್ಬರ ಸಹಿ ಬೇಕಾಯಿತು.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಿರುಗಿಸಿದಳು. ಅಕ್ಕಿ ಕದ್ದದ್ದಲ್ಲ, ಕೊಟ್ಟವರ ದೂರೂ ಇಲ್ಲ. ಆದರೂ ಆ ತಾಯಿ ಅದನ್ನು ಒಲೆಯ ಮೇಲೇರಿಸಲಿಲ್ಲ. ಮಾರಯ್ಯನು ಹೊತ್ತ ದಾರಿಯಲ್ಲಿಯೇ ಮರಳಿ ಹೋಗಬೇಕಾಯಿತು. ಆ ನಡಿಗೆಯ ಕಷ್ಟವನ್ನು ಪುರಾಣಿಕರು ಸಾಮಾನ್ಯವಾಗಿ ಹೇಳುವುದಿಲ್ಲ. ಹೋಗುವಾಗ ದಾರಿಯಲ್ಲಿ ಕಂಡವರೆಲ್ಲರೂ ಮರಳುವಾಗಲೂ ಕಾಣುತ್ತಾರೆ.

ಲಕ್ಕಮ್ಮನ ಅಳತೆ ದುಡಿಯುವವನಿಗೆ ಮಾತ್ರ ಸಲ್ಲುವುದೆಂದು ತಿಳಿಯಕೂಡದು. ಹೆಚ್ಚನ್ನು ಒಲ್ಲದ ಮಾತು, ಕಡಿಮೆ ಕೊಡುವವನಿಗೆ ಒಪ್ಪಿಗೆಯ ಪತ್ರವಲ್ಲ. ಕಲಿಸುವೆವೆಂದು ಕರೆದು, ವರ್ಷವಿಡೀ ಒಂದೇ ಗುಂಡಿ ಒತ್ತಿಸಿ, ಪೂರ್ಣ ಕೆಲಸಗಾರನ ದುಡಿಮೆಯನ್ನು ಭತ್ಯದ ಬೆಲೆಗೆ ಪಡೆದು, ಕೊನೆಯಲ್ಲಿ ಕಾಯಕದ ಮಹಿಮೆಯನ್ನು ಉಪದೇಶಿಸುವ ಮಾಲೀಕರೂ ಇದ್ದಾರೆ. ಅವರಲ್ಲಿ ವಿಭೂತಿ ಧರಿಸಿದವರೂ ಇಲ್ಲದಿಲ್ಲ. ಕಲಿಕೆಯನ್ನು ಕೊಡದೆ ದುಡಿಮೆಯನ್ನು ಪಡೆದವನ ಮನೆಯ ದಾಸೋಹಕ್ಕೆ ಲಕ್ಕಮ್ಮನ ಒಲೆ ಹೊತ್ತಿಕೊಳ್ಳುತ್ತಿರಲಿಲ್ಲ.

ವರ್ಷ ತುಂಬಿದಾಗ ಆ ಕಾರ್ಖಾನೆ ನಾಲ್ವರು ಶಿಕ್ಷಾರ್ಥಿಗಳಲ್ಲಿ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿತು. ಚನ್ನಗಿರಿಯ ಹುಡುಗ ಆ ಇಬ್ಬರಲ್ಲಿರಲಿಲ್ಲ. ಒಂಬತ್ತು ಶಾಫ್ಟುಗಳೇ ಕಾರಣವೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಪ್ರಮಾಣಪತ್ರ ಹಿಡಿದು ಊರಿಗೆ ಬಂದ ಮಗನನ್ನು ತಂದೆ ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿದರು: “ಯಾರೂ ಕೇಳಿರಲಿಲ್ಲವಲ್ಲೋ, ನೀನಾಗಿ ಯಾಕೆ ಹೇಳೋಕೆ ಹೋದೆ?”

“ಅಪ್ಪಾಜಿ, ಮಂಡಿಯೋರು ತೂಕದಲ್ಲಿ ಎರಡು ಕೆಜಿ ಹೊಡೆದಾಗ ನೀವು ಆ ರಾತ್ರಿ ಊಟಾನೇ ಮಾಡಲಿಲ್ಲ. ನಾನು ಹೊಡೆದಿದ್ದು ಯಾರ ತೂಕಾಂತ ನಂಗೆ ಗೊತ್ತಿರಲಿಲ್ಲ, ಅಷ್ಟೇ.”

ತಂದೆ ಮಾತನಾಡಲಿಲ್ಲ. ಒಳಗಿನಿಂದ ತಾಯಿ ಪ್ರಸಾದಕ್ಕೆ ಕರೆದಳು.

ಈಗ ಅವನು ಹರಿಹರದ ಒಂದು ಸಣ್ಣ ಕಾರ್ಯಾಗಾರದಲ್ಲಿದ್ದಾನೆ. ಎರಡೇ ಲೇತ್, ಮಾಲೀಕನೂ ಜೊತೆಗೆ ನಿಂತು ದುಡಿಯುವವನು. ಸಂಬಳ ಬೆಂಗಳೂರಿನಷ್ಟಿಲ್ಲ. ಅವನ ಯಂತ್ರದ ಪಕ್ಕದಲ್ಲಿ ಉದ್ದನೆಯ ಮರದ ಹಲಗೆಯೊಂದಿದೆ. ತಿರುಗಿಸಿದ ಶಾಫ್ಟುಗಳನ್ನು ಅದರ ಮೇಲೆ ಸಾಲಾಗಿ ಮಲಗಿಸುತ್ತಾನೆ. ಮೊದಲ ವಾರ ಮಾಲೀಕ ತಡವೇಕೆಂದು ಕೇಳಿದನು. ಹುಡುಗ ಒಂದು ಬಿಸಿ ಶಾಫ್ಟನ್ನು ಅಳೆದು ತೋರಿಸಿ, ಅರ್ಧ ಗಂಟೆಯ ಮೇಲೆ ಅದನ್ನೇ ಮತ್ತೆ ಅಳೆದು ತೋರಿಸಿದನು. ಮರುದಿನ ಮಾಲೀಕನ ಯಂತ್ರದ ಪಕ್ಕದಲ್ಲಿಯೂ ಒಂದು ಹಲಗೆ ಬಂದಿತ್ತು.