ಹೆಂಡತಿಯ ಮಾತು ಕೇಳುವವನು

ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ತಾಣ ಅದು. ಹಂಪಿಯ ಬಂಡೆಗಳ ನಡುವೆ ಹೊಳೆ ಕವಲೊಡೆಯುವ ಕಡೆ, ಬೆಳಗಿನ ಹೊತ್ತು, ತಾಳ್ಮೆಯಿಂದ ಕೂತವರಿಗೆ ಅವು ಕಾಣಸಿಗುತ್ತವೆ: ಒಂದು ಜೋಡಿ, ಜೊತೆಗೆ ಮರಿಗಳು. ಈ ಜಾತಿಯಲ್ಲಿ ಗಂಡು ಹೆಣ್ಣಿಗಿಂತ ದಪ್ಪ. ಆದರೂ ಕುಟುಂಬದಲ್ಲಿ ಮೇಲುಗೈ ಹೆಣ್ಣಿನದೇ ಎಂದು ಅವುಗಳ ಬೆನ್ನು ಹತ್ತಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಮರಿಗಳಿಗೆ ಮೀನು ತಂದುಕೊಡುವುದರಲ್ಲಿ ಗಂಡೂ ಹೆಗಲು ಕೊಡುತ್ತದೆ.

ಇಂಥ ಸಂಗತಿ ಕೈಗೆ ಸಿಕ್ಕರೆ ಅದನ್ನು ವಾದಕ್ಕೆ ಹೂಡುವವರು ಬಹಳ. ಪ್ರಕೃತಿಯೇ ಹೆಣ್ಣನ್ನು ಮುಂದಾಳಾಗಿ ಮಾಡಿದೆ ಎಂದು ಒಬ್ಬರು ಹೇಳಿದರೆ, ಗಂಡೇ ಯಜಮಾನ ಎನ್ನುವವರಿಗೂ ಉದಾಹರಣೆಗೆ ಬರವಿಲ್ಲ. ಅದೇ ಹಂಪಿಯ ಬಂಡೆಗಳ ಮೇಲೆ ಮುಸುವಗಳು ಓಡಾಡಿಕೊಂಡಿವೆ. 1960ರ ದಶಕದ ಆರಂಭದಲ್ಲಿ ಧಾರವಾಡದ ಕಾಡಿನಲ್ಲಿ ಮುಸುವಗಳನ್ನು ಗಮನಿಸಿದ ಜಪಾನಿನ ಯುಕಿಮಾರು ಸುಗಿಯಾಮ, ಹೊಸ ಗಂಡೊಂದು ಗುಂಪನ್ನು ವಶಪಡಿಸಿಕೊಂಡ ಮೇಲೆ ಅಲ್ಲಿದ್ದ ಎಳೆಯ ಮರಿಗಳು ಕೊಲೆಯಾದದ್ದನ್ನು ದಾಖಲಿಸಿದರು. ಬಂಡೆಯ ಮೇಲೆ ಒಂದು ನಡೆ, ಬಂಡೆಯ ಕೆಳಗಿನ ನೀರಿನಲ್ಲಿ ಇನ್ನೊಂದು ನಡೆ. ಯಾವುದನ್ನು ಮಾದರಿ ಅನ್ನೋಣ? ಪ್ರಾಣಿಗಳಿಂದ ಸಂಸಾರದ ನೀತಿಯನ್ನು ಎರವಲು ತರುವ ಯೋಚನೆಯೇ ತಪ್ಪು. ಹೇಗೆ ಬಾಳಿದರೆ ಏನಾಗುತ್ತದೆ ಎಂಬುದನ್ನು ವಿಜ್ಞಾನ ತೋರಿಸಬಲ್ಲದು. ಹೇಗೆ ಬಾಳಬೇಕೆಂಬ ತೀರ್ಮಾನದ ಹೊಣೆ ಮನುಷ್ಯರದೇ.

ದಾಂಪತ್ಯದ ಬೆಸುಗೆಯ ಬಗ್ಗೆ ಮಾತೆತ್ತಿದರೆ ಈಗ ಮೊದಲು ಕೇಳಿಬರುವ ಹೆಸರು ಆಕ್ಸಿಟೋಸಿನ್. ಹೆರಿಗೆಯಲ್ಲಿ, ಮೊಲೆಯೂಡುವಾಗ, ಆಪ್ತ ಸ್ಪರ್ಶದಲ್ಲಿ ಮಿದುಳು ಬಿಡುಗಡೆ ಮಾಡುವ ರಸ ಅದು. ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿ ಜೋಡಿ ಕಟ್ಟಿಕೊಂಡು ಬಾಳುತ್ತದೆ. ಹಾಗೆ ಬಾಳುವ ಸಸ್ತನಿಗಳು ವಿರಳ. ಸ್ಯೂ ಕಾರ್ಟರ್, ಥಾಮಸ್ ಇನ್ಸೆಲ್, ಲ್ಯಾರಿ ಯಂಗ್ ಮೊದಲಾದವರು ದಶಕಗಳ ಕಾಲ ಆ ಪ್ರಾಣಿಯ ಮೇಲೆ ನಡೆಸಿದ ಪ್ರಯೋಗಗಳಿಂದಲೇ ಆಕ್ಸಿಟೋಸಿನ್‌ಗೆ ‘ಪ್ರೀತಿಯ ಹಾರ್ಮೋನು’ ಎಂಬ ಖ್ಯಾತಿ ಬಂತು. ಹೆಣ್ಣಿಗೆ ಅದು ಹೆಚ್ಚು, ಆದ್ದರಿಂದ ಹೊಂದಿಕೊಂಡು ಹೋಗುವುದು ಅವಳ ಸ್ವಭಾವ ಎಂಬ ಮಾತೂ ಅದರ ಬೆನ್ನಿಗೇ ಹುಟ್ಟಿತು. ಆದರೆ 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ದೇವಾನಂದ್ ಮನೋಲಿ, ನಿರಾವ್ ಶಾ ಅವರ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ವಂಶವಾಹಿಯನ್ನೇ ತಿದ್ದಿ, ಆಕ್ಸಿಟೋಸಿನ್ನನ್ನು ಗುರುತಿಸುವ ಗ್ರಾಹಕವೇ ಇಲ್ಲದ ವೋಲ್‌ಗಳನ್ನು ಅವರು ಹುಟ್ಟಿಸಿದ್ದರು. ಅವೂ ಜೋಡಿ ಕಟ್ಟಿದವು, ಮರಿಗಳನ್ನು ಸಾಕಿದವು. ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿದರೆ ಮನುಷ್ಯರಲ್ಲಿ ನಂಬಿಕೆ ಹೆಚ್ಚುತ್ತದೆ ಎಂಬ 2005ರ ಪ್ರಸಿದ್ಧ ಫಲಿತಾಂಶವೂ ಮರುಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಬಾಂಧವ್ಯ ಒಂದೇ ರಸದ ಮೇಲೆ ನಿಂತಿಲ್ಲ. ಮನೆಯೊಳಗಿನ ಅನ್ಯಾಯಕ್ಕೆ ಹಾರ್ಮೋನನ್ನು ಸಾಕ್ಷಿಗೆ ಕರೆಯುವವರು ಇದನ್ನು ನೆನಪಿಡಬೇಕು.

ಮುಂದಾಳುತನ ಹೆಣ್ಣಿನ ಸ್ವಭಾವದಲ್ಲೇ ಇಲ್ಲ ಎಂಬ ಮಾತಿನ ಗತಿಯೂ ಇಷ್ಟೇ. ಮೇಘಾಲಯದ ಖಾಸಿಗಳಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಟಾಂಜಾನಿಯಾದ ಮಸಾಯಿಗಳಲ್ಲಿ ಎಲ್ಲವೂ ಗಂಡಸಿನದು. ಯೂರಿ ಗ್ನೀಜಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಎರಡೂ ಕಡೆ ಒಂದೇ ಆಟವನ್ನು ಆಡಿಸಿದರು. ಸ್ಪರ್ಧೆಗೆ ಇಳಿಯುವ ಆಯ್ಕೆಯನ್ನು ಮಸಾಯಿಗಳಲ್ಲಿ ಗಂಡಸರು ಹೆಚ್ಚಾಗಿ ಮಾಡಿದರು, ಖಾಸಿಗಳಲ್ಲಿ ಹೆಂಗಸರು. ಅಷ್ಟು ದೂರ ಹೋಗುವುದೇ ಬೇಡ ಎನ್ನುವವರು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದದ್ದನ್ನು ಓದಬಹುದು. ಅರಮನೆಯ ಒಳಗಿನ ಖರ್ಚುವೆಚ್ಚದ ಲೆಕ್ಕ ಬರೆಯುವವರು ಹೆಂಗಸರು, ಕುಸ್ತಿ ಆಡುವ ಹೆಂಗಸರೂ ಇದ್ದರು ಎಂದು 1530ರ ದಶಕದಲ್ಲೇ ಅವನು ದಾಖಲಿಸಿದ್ದಾನೆ.

ಹಾಗಾದರೆ ಗಂಡ ಹೆಂಡತಿಯರನ್ನು ಬೆಸೆಯುವುದು ಏನು? ನನಗೆ ತುಂಬ ಮುಖ್ಯವೆನಿಸುವ ಎರಡು ಅಧ್ಯಯನಗಳಿವೆ.

ಒಂದು, 2006ರಲ್ಲಿ ಜೇಮ್ಸ್ ಕೋನ್ ಪ್ರಕಟಿಸಿದ್ದು. ಮದುವೆಯಾದ 16 ಮಹಿಳೆಯರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣದಾಗಿ ಕರೆಂಟು ತಾಗಬಹುದು ಎಂದು ಎಚ್ಚರಿಸಲಾಯಿತು. ಯಾರ ಕೈಯನ್ನೂ ಹಿಡಿಯದಿದ್ದಾಗ ಮಿದುಳಿನ ಆತಂಕ ಎದ್ದು ಕಂಡಿತು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಇಳಿಯಿತು. ಗಂಡನ ಕೈ ಹಿಡಿದಾಗ ಇನ್ನಷ್ಟು ಇಳಿಯಿತು. ಯಾರ ದಾಂಪತ್ಯ ಚೆನ್ನಾಗಿತ್ತೋ ಅವರಲ್ಲಿ ಅತಿ ಹೆಚ್ಚು ಇಳಿಯಿತು. ಪಕ್ಕದಲ್ಲಿರುವ ಕೈ ನೋಯಿಸುವುದಿಲ್ಲ ಎಂಬ ಭರವಸೆ ದೇಹಕ್ಕೇ ತಿಳಿಯುತ್ತದೆ.

ಇನ್ನೊಂದು, ಜಾನ್ ಗಾಟ್‌ಮನ್ ಮತ್ತು ಸಂಗಡಿಗರದು. ಅಮೆರಿಕದ ಸಿಯಾಟಲ್‌ನಲ್ಲಿ ಹೊಸದಾಗಿ ಮದುವೆಯಾದ 130 ಜೋಡಿಗಳು ಜಗಳದ ವಿಷಯವೊಂದನ್ನು ಮಾತಾಡುವುದನ್ನು ಚಿತ್ರೀಕರಿಸಿ, ಆರು ವರ್ಷದವರೆಗೆ ಆ ಸಂಸಾರಗಳನ್ನು ಗಮನಿಸಿದರು. 1998ರಲ್ಲಿ ಫಲಿತಾಂಶ ಬಂತು. ಹೆಂಡತಿಯ ಮಾತಿಗೆ ಕಿವಿಗೊಡದ, ಅವಳ ಅಭಿಪ್ರಾಯಕ್ಕೆ ಎಳ್ಳಷ್ಟೂ ಬಾಗದ ಗಂಡಂದಿರ ಮದುವೆಗಳು ಹೆಚ್ಚಾಗಿ ಮುರಿದಿದ್ದವು. ಹೆಂಡತಿಯರು ಗಂಡನ ಮಾತಿಗೆ ಬಾಗುವುದು ಎರಡೂ ಬಗೆಯ ಮನೆಗಳಲ್ಲಿ ಮೊದಲೇ ಇತ್ತು. ವ್ಯತ್ಯಾಸ ಮಾಡಿದ್ದು ಗಂಡಂದಿರ ನಡೆ. ಅದು ಅಮೆರಿಕದ ಒಂದು ಊರಿನ ಜೋಡಿಗಳ ಕಥೆ. ಅಲ್ಲಿನ ಲೆಕ್ಕಾಚಾರದ ಬಗ್ಗೆ ಬೇರೆ ವಿದ್ವಾಂಸರ ತಕರಾರೂ ಇದೆ. ಆದರೂ ಅದು ಮುಟ್ಟಿದ್ದು ನಮ್ಮ ಮನೆಗಳಿಗೂ ಗೊತ್ತಿರುವ ನರವನ್ನೇ.

ಯಾಕೆಂದರೆ ನಮ್ಮ ಕಡೆ ಗಂಡಸನ್ನು ಹೀನಾಯ ಮಾಡಲು ಒಂದು ಸಿದ್ಧ ಬೈಗುಳವಿದೆ: “ಹೆಂಡ್ತಿ ಮಾತು ಕೇಳ್ತಾನ.” ಹೊಸಪೇಟೆಯ ಚಹಾದ ಅಂಗಡಿಯಲ್ಲಿ, ಕಂಪ್ಲಿಯ ಗದ್ದೆಯ ಬದುವಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಅದನ್ನು ಕೇಳದವರಿಲ್ಲ. ಸಾಲ ಮಾಡುವ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಎಂದವನಿಗೆ ಗೆಳೆಯರೇ ಈ ಮಾತು ಎಸೆಯುತ್ತಾರೆ. ಅವನು ಕೇಳದೆ ಸಹಿ ಹಾಕುತ್ತಾನೆ. ಸಾಲ ತೀರಿಸಲು ಹೆಂಡತಿ ಕೂಲಿಗೆ ಹೋಗುತ್ತಾಳೆ. ಸಂಸಾರವನ್ನು ಉಳಿಸುವ ಗುಣವನ್ನೇ ಅವಮಾನವಾಗಿ ಮಾಡಿಟ್ಟ ಸಮಾಜ ತನ್ನ ಗಂಡುಮಕ್ಕಳಿಗೂ ಕೇಡು ಮಾಡುತ್ತಿದೆ.

ಇದು ಕನ್ನಡದ ಹಳೆಯ ತಿಳಿವಳಿಕೆಯೂ ಅಲ್ಲ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮಗೆ ಪರಕೀಯರಲ್ಲ, ಪಕ್ಕದ ರಾಯಚೂರು ಸೀಮೆಯ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡದ ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಅವನು ಹೋಗಿ ಸುರಿದು ಬಂದ. ಮಾರಯ್ಯನನ್ನು ಶರಣರು ಅದಕ್ಕಾಗಿ ಹಂಗಿಸಲಿಲ್ಲ. ಲಕ್ಕಮ್ಮ ಅಪ್ಪಣೆ ಮಾಡಿದಳು ಎನ್ನುವುದಕ್ಕಿಂತ, ಯಾರ ಮಾತಿನಲ್ಲಿ ವಿವೇಕವಿತ್ತೋ ಆ ಮಾತು ನಡೆಯಿತು ಎಂಬುದು ಈ ಕಥೆಯಲ್ಲಿ ನನಗೆ ದೊಡ್ಡದು. ದಾಂಪತ್ಯದಲ್ಲಿ ಹೆಣ್ಣಿನ ಮುಂದಾಳುತನ ಎಂದು ನಾನು ಕರೆಯುವುದು ಇದನ್ನೇ. ಗಂಡಿನ ಕೈಯಲ್ಲಿದ್ದ ಬಾರುಕೋಲನ್ನು ಹೆಣ್ಣಿಗೆ ಕೊಡಿ ಎಂದು ಹೇಳುವವರೂ ಈಗ ಇದ್ದಾರೆ. ಯಾರು ಹಿಡಿದರೂ ಬಾರುಕೋಲು ಬಾರುಕೋಲೇ; ಅದರ ಎದುರು ಆಪ್ತತೆ ಹುಟ್ಟದು.

ಹಂಪಿಗೆ ಮರಳೋಣ. ಮಾರ್ಗಶಿರದಲ್ಲಿ ಪಂಪೆ ಮತ್ತು ವಿರೂಪಾಕ್ಷರ ನಿಶ್ಚಿತಾರ್ಥ, ಅಂದರೆ ಫಲಪೂಜೆ. ಚೈತ್ರದಲ್ಲಿ ಕಲ್ಯಾಣೋತ್ಸವ, ತೇರು. ಸ್ಥಳಪುರಾಣದಲ್ಲಿ ಮೊದಲ ಹೆಜ್ಜೆ ಇಟ್ಟವಳು ಪಂಪೆ. ಹೇಮಕೂಟದಲ್ಲಿ ತಪಸ್ಸಿಗೆ ಕೂತ ಶಿವನನ್ನು ತಾನೇ ಬಯಸಿ, ಮನ್ಮಥ ಸುಟ್ಟುಹೋದರೂ ಹಿಂಜರಿಯದೆ, ತಾನೂ ತಪಸ್ಸು ಮಾಡಿ ಅವನನ್ನು ಪಡೆದಳು. ಈ ನೆಲದ ಮೂಲ ದೇವತೆ ಪಂಪೆಯೇ, ವಿರೂಪಾಕ್ಷ ಆಮೇಲೆ ಬಂದವನು ಎಂದು ಇತಿಹಾಸಕಾರರು ಹೇಳುತ್ತಾರೆ. ಇಂದು ಹೋಗಿ ನೋಡಿದರೆ ದೊಡ್ಡ ಗರ್ಭಗುಡಿ ಅವನದು, ಪಕ್ಕದ ಚಿಕ್ಕ ಗುಡಿ ಅವಳದು. ಪುರಾಣವನ್ನು ನಾನು ಪುರಾವೆಯಾಗಿ ತರುತ್ತಿಲ್ಲ. ಆದರೆ ತನ್ನದೇ ಊರಿನಲ್ಲಿ, ತಾನೇ ಬಯಸಿ ಆದ ಮದುವೆಯ ನಂತರ ಹೆಣ್ಣು ಪಕ್ಕಕ್ಕೆ ಸರಿಯುವುದು ದೇವರ ಗುಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ.

ಪಕ್ಕಕ್ಕೆ ಸರಿಸಿದ್ದಷ್ಟೇ ಆಗಿದ್ದರೆ ಬೇರೆ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ದೇಶದ ಸರಾಸರಿ ಶೇ. 29.3. ಯಾವ ರಾಜ್ಯವೂ ನಮ್ಮನ್ನು ಮೀರಿಸಲಿಲ್ಲ. ವಚನಗಳ ನಾಡು, ಕುವೆಂಪು ನಾಡು ಎಂದು ಹೇಳಿಕೊಳ್ಳುವ ನಾವು ಈ ಅಂಕಿಯ ಮುಂದೆ ತಲೆ ತಗ್ಗಿಸಬೇಕು. ಕೋನ್ ಅವರ ಯಂತ್ರದಲ್ಲಿ ಆತಂಕ ಇಳಿಸಿದ ಕೈ, ಇಷ್ಟೊಂದು ಮನೆಗಳಲ್ಲಿ ಆತಂಕ ಹುಟ್ಟಿಸುವ ಕೈಯಾಗಿದೆ. ಭಯ ಇರುವಲ್ಲಿ ಸಲುಗೆ ಇರುವುದಿಲ್ಲ, ಒಪ್ಪಿಗೆಯೂ ಇರುವುದಿಲ್ಲ. ವಯಸ್ಕ ಹೆಂಡತಿಯ ಮೇಲೆ ಗಂಡ ಎಸಗುವ ಅತ್ಯಾಚಾರ ಇಂದಿಗೂ ನಮ್ಮ ಕಾನೂನಿನಲ್ಲಿ ಅತ್ಯಾಚಾರವೆನಿಸಿಲ್ಲ. ಅಂಥ ಆರೋಪದಿಂದ ಗಂಡನಿಗೆ ವಿನಾಯಿತಿ ಇಲ್ಲವೆಂದು 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆದೇಶಿಸಿತು; ಆ ಆದೇಶಕ್ಕೆ ಸುಪ್ರೀಂ ಕೋರ್ಟ್‌ನ ತಡೆ ಬಂತು.

ಭಯ ಕಡಿಮೆಯಾಗುವುದು ಹೇಗೆ? ಉಪದೇಶದಿಂದ ಆಗುವುದು ಸ್ವಲ್ಪ, ಕಾಗದಪತ್ರದಿಂದ ಆಗುವುದು ಬಹಳ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಣ್ಣು ತೆರೆಸುವಂಥದು. ತಮ್ಮ ಹೆಸರಿನಲ್ಲಿ ಮನೆಯೂ ಜಮೀನೂ ಇಲ್ಲದ ಹೆಂಗಸರಲ್ಲಿ ಶೇ. 49 ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ ಶೇ. 7. ಹೋಗಲು ಜಾಗವಿದೆ ಎಂದು ಗೊತ್ತಿರುವವಳ ಮೇಲೆ ಕೈ ಎತ್ತುವ ಮುಂಚೆ ಗಂಡಸು ಯೋಚಿಸುತ್ತಾನೆ. ಹಾಗೆ ಹೋಗಬಲ್ಲವಳು ಉಳಿದುಕೊಂಡರೆ ಅದು ಅವಳೇ ಆರಿಸಿಕೊಂಡ ಬಾಳು.

ಆಸ್ತಿಯ ಮಾತು ದುಡಿಮೆಯ ದುಡ್ಡಿಗೂ ಸಲ್ಲುತ್ತದೆ. ವಿಜಯನಗರ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಸುಗ್ಗಿಗೆ ಕಬ್ಬು ಕಡಿಯಲು ಜೋಡಿಗಳು ಗುಳೆ ಹೋಗುತ್ತವೆ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಕಟ್ಟಿ, ಹೊರೆ ಹೊರುತ್ತಾಳೆ. ಮುಂಗಡದ ಮಾತುಕತೆ ಮಾತ್ರ ಸಾಮಾನ್ಯವಾಗಿ ಮೇಸ್ತ್ರಿ ಮತ್ತು ಗಂಡನ ನಡುವೆ. ಸಂಡೂರಿನಲ್ಲಿ ಇದಕ್ಕೆ ಬೇರೆಯಾದ ಒಂದು ಚಿತ್ರವೂ ಇದೆ. ಸಂಡೂರು ಕುಶಲ ಕಲಾ ಕೇಂದ್ರದ ಜೊತೆಗಿರುವ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಕಲಾವಿದೆಯರು ಸೇರಿ ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸೂಜಿಯ ದುಡ್ಡು ಅವಳ ಕೈಗೇ ಬರುವುದು ದಾಖಲೆಗಿಂತ ದೊಡ್ಡದು. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ, ಆ ಖಾತೆಯನ್ನು ಬಳಸುವುದನ್ನೂ ಕಲಿಸಿದಾಗ, ಅವರು ಹೊರಗೆ ದುಡಿಯುವುದು ಹೆಚ್ಚಿತು ಎಂದು ರೋಹಿಣಿ ಪಾಂಡೆ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದ್ದಾರೆ. ಖಾತೆ ತೆರೆದರಷ್ಟೇ ಸಾಲದು, ಅದನ್ನು ನಡೆಸುವುದು ಅವಳಿಗೆ ತಿಳಿದಿರಬೇಕು.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಮುಖ್ಯಸ್ಥೆ ಹೆಂಗಸು. 2023ರ ಆಗಸ್ಟ್‌ನಿಂದ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಅವಳ ಹೆಸರಿಗೇ ಬರುತ್ತದೆ. ಪಂಚಾಯಿತಿಯಲ್ಲಿ ಹೆಣ್ಣಿಗೆ ಕಾಲು ಪಾಲು ಮೀಸಲಿಟ್ಟ ಕಾಯ್ದೆಯನ್ನು ಕರ್ನಾಟಕ 1983ರಲ್ಲೇ ಮಾಡಿತು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು 1994ರಲ್ಲೇ ಕೊಟ್ಟಿತು. ಕಾಗದದಲ್ಲಿ ನಾವು ದೇಶಕ್ಕಿಂತ ಮುಂದೆ. ಮನೆಯಲ್ಲಿ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ. ಹೊಣೆಯನ್ನಷ್ಟೇ ಅವಳ ತಲೆಗೆ ಹೊರಿಸಿ ಅಧಿಕಾರ ಕೊಡದಿರುವುದೂ ಮೋಸವೇ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಟ್ಟರು, ಗಂಡಸರು 97. ಐದು ಗಂಟೆ ಒಲೆ, ಪಾತ್ರೆ, ನೀರು ಎಂದು ದಣಿದವಳಿಂದ ರಾತ್ರಿ ಒಲವನ್ನು ಬಯಸುವ ಮುಂಚೆ ಆ ಪಾತ್ರೆಗಳಲ್ಲಿ ಅರ್ಧ ತೊಳೆದಿಡುವುದು ನ್ಯಾಯ.

ಈ ನ್ಯಾಯದ ಮಾತು ನಮಗೆ ಹೊಸದಲ್ಲ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಗೆಂದು ರೂಪಿಸಿದ ಮಂತ್ರಮಾಂಗಲ್ಯ ಎಂಬ ಮದುವೆಯ ವಿಧಾನ ಪುರೋಹಿತರನ್ನೂ ಆಡಂಬರವನ್ನೂ ಕೈಬಿಟ್ಟು, ಗಂಡುಹೆಣ್ಣುಗಳಲ್ಲಿ ಯಾರೂ ಯಾರ ಅಡಿಯಾಳೂ ಅಲ್ಲ ಎಂಬ ನಿಲುವಿನ ಮೇಲೆ ನಿಂತಿತು. ನರವಿಜ್ಞಾನದ ಯಂತ್ರಗಳು ಬರುವ ಮುಂಚೆಯೇ ಒಬ್ಬ ಕವಿ ವಿವೇಕದಿಂದ ಕಂಡ ಸತ್ಯವದು.

ಮದುವೆಯಾದ ಗಂಡಸರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯ ಖಾತೆಗೆ, ಜಮೀನಿನ ಪಹಣಿಗೆ ಹೆಂಡತಿಯ ಹೆಸರನ್ನೂ ಸೇರಿಸಿ. ಅವಳ ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವಳ ಬಳಿಯೇ ಇರಲಿ. ಸಾಲಕ್ಕೆ ಸಹಿ ಹಾಕುವ ಮುಂಚೆ ಅವಳನ್ನು ಕೇಳಿ. ಬೇಡ ಎಂದರೆ ಆ ಮಾತಿಗೆ ನಿಲ್ಲಿ, ಸಾಲದಲ್ಲೂ ಹಾಸಿಗೆಯಲ್ಲೂ. ಯಾರಾದರೂ ಹೆಂಡ್ತಿ ಮಾತು ಕೇಳ್ತಾನ ಎಂದು ನಕ್ಕರೆ, ಹೌದು ಕೇಳ್ತೀನಿ ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿ.